ಹಾಡು ನಡುವೆ ನಿಂತರೆ ಬೋರ್ಡ್ ಬದಲಿಸಬೇಡಿ, ಮೊದಲು ಕೇಬಲ್ ನೋಡಿ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ನಲ್ಲಿ ಮನೆಗೆ ಮ್ಯೂಸಿಕ್ ಸರ್ವರ್ ಕಟ್ಟಿಕೊಂಡವರು ನನಗೆ ಕಳಿಸುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ. ಕೇಳುವ ರೀತಿ ಮಾತ್ರ ಬೇರೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಮೆಮೊರಿ ಕಾರ್ಡ್‌ಗೆ ಸಾಫ್ಟ್‌ವೇರ್ ಹಾಕುವುದು, ವೈಫೈ ಪಾಸ್‌ವರ್ಡ್ ಕೊಡುವುದು ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಬೋರ್ಡ್‌ನಲ್ಲಿ ಹಾಡು ನುಡಿಸುವ ಎಂಪಿಡಿ ಸಾಫ್ಟ್‌ವೇರ್ ಹಾಕಿದ್ದೇನೆ. ಹಾಡುಗಳು ಬೇರೆ ಕಂಪ್ಯೂಟರ್‌ನಲ್ಲಿವೆ, ವೈಫೈ ಮೂಲಕ ಬರುತ್ತವೆ. ಹತ್ತು ನಿಮಿಷಕ್ಕೊಮ್ಮೆ ಹಾಡು ಒಂದೆರಡು ಸೆಕೆಂಡ್ ನಿಂತು ಮತ್ತೆ ಶುರುವಾಗುತ್ತದೆ. ಪ್ರೊಸೆಸರ್ ಸಾಲುತ್ತಿಲ್ಲ, ದೊಡ್ಡ ಬೋರ್ಡ್ ತಗೊಳ್ಳಿ ಎಂದು ಒಬ್ಬರು, ಓವರ್‌ಕ್ಲಾಕ್ ಮಾಡಿ, ಅಂದರೆ ಪ್ರೊಸೆಸರ್ ವೇಗ ಮಿತಿಗಿಂತ ಹೆಚ್ಚಿಸಿ ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ?

ಇಬ್ಬರ ಮಾತೂ ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಸಲಹೆ ಅದು. ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಗುಣಮಟ್ಟ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ಫೈಲ್ ಮಾಡಿದರೆ ಅದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಬೋರ್ಡ್‌ನಲ್ಲಿ 1 ಗಿಗಾಹರ್ಟ್ಸ್‌ನ ನಾಲ್ಕು ಕೋರ್ ಇವೆ. ಹಾಡು ಓಡುತ್ತಿರುವಾಗ ಟಾಪ್ ಕಮಾಂಡ್ ಕೊಟ್ಟು ನೋಡಿ. ಪ್ರೊಸೆಸರ್ ಬಹುಪಾಲು ಹೊತ್ತು ಸುಮ್ನೆ ಕೂತಿರುತ್ತದೆ. ಓವರ್‌ಕ್ಲಾಕ್ ಮಾಡಿದರೆ ಕರೆಂಟ್ ಇನ್ನೂ ಜಾಸ್ತಿ ಎಳೆಯುತ್ತದೆ, ಇರುವ ಕಾಯಿಲೆ ಉಲ್ಬಣವಾಗುತ್ತದೆ. ಅಳತೆಯನ್ನೇ ಮಾಡದೆ ವಿಡಿಯೋ ಮಾಡಿ ಇಂಥ ಸಲಹೆ ಹಂಚುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಅವರ ಮಾತು ನಂಬಿ ಚೆನ್ನಾಗಿರುವ ಬೋರ್ಡ್ ಮೂಲೆಗೆ ಹಾಕಿದವರನ್ನು ನೋಡಿದ್ದೇನೆ.

ಮೊದಲು ಒಂದು ಪರೀಕ್ಷೆ. ಒಂದು ಇಡೀ ಆಲ್ಬಂ ಬೋರ್ಡ್‌ನ ಕಾರ್ಡ್‌ಗೇ ಕಾಪಿ ಮಾಡಿ. ಒಂದು ಗಂಟೆ ಅದನ್ನೇ ತಿರುಗಿಸಿ ತಿರುಗಿಸಿ ನುಡಿಸಿ. ಆಗಲೂ ನಿಂತರೆ ಮೊದಲ ಅನುಮಾನ ಕರೆಂಟಿನ ಮೇಲೆ. ನಿಲ್ಲದಿದ್ದರೆ ವೈಫೈ ಮೇಲೆ. ಈ ಒಂದು ಗಂಟೆ ಕೊಡದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ.

ಕರೆಂಟಿನ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ನಾನೇ ಅದರಲ್ಲಿ ಎಡವಿದ್ದೆ. ನನ್ನ ಹಳೆಯ ಪೈ 3 ಪುಸ್ತಕದ ಕಪಾಟಿನ ಹಿಂದೆ ಇತ್ತು. ಯಾವುದೋ ಹಳೇ ಫೋನಿನ ಉದ್ದನೆಯ ತೆಳು ಕೇಬಲ್ ಹಾಕಿದ್ದೆ. ಮೂರು ವಾರ ಸೆಟ್ಟಿಂಗ್ ತಿದ್ದಿದ್ದೇ ತಿದ್ದಿದ್ದು. ಒಂದು ರಾತ್ರಿ ದೀಪ ಆರಿಸಿ ಕಪಾಟಿನ ಸಂದಿಯಲ್ಲಿ ಬೋರ್ಡನ್ನೇ ನೋಡುತ್ತಾ ಕೂತೆ. ಹಾಡು ತಡವರಿಸಿದ ಹೊತ್ತಿಗೆ ಸರಿಯಾಗಿ ಬೋರ್ಡ್‌ನ ಕೆಂಪು ದೀಪ ಒಮ್ಮೆ ಆರಿ ಹತ್ತಿತು. ಆ ದೀಪ ಸುಮ್ಮನೆ ಆರುವುದಿಲ್ಲ. ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗೆ ಇಳಿದರೆ ಆರುತ್ತದೆ.

ಲೆಕ್ಕ ಸುಲಭ. ತೆಳು ಕೇಬಲ್‌ಗಳಲ್ಲಿ ಇರುವ 28 ಗೇಜ್ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ತಡೆ. ಹೋಗುವ ತಂತಿ, ಬರುವ ತಂತಿ ಸೇರಿ 0.42. ಒಂದು ಆಂಪಿಯರ್ ಹರಿದರೆ ಒಂದೇ ಮೀಟರಿನಲ್ಲಿ 0.42 ವೋಲ್ಟ್ ಹೋಯಿತು. ಚಾರ್ಜರ್ 5 ಕೊಟ್ಟರೂ ಬೋರ್ಡ್‌ಗೆ ಸಿಗುವುದು 4.58. ವೈಫೈ ಚಿಪ್ ಸದಾ ಒಂದೇ ಸಮನೆ ಕರೆಂಟ್ ಎಳೆಯುವುದಿಲ್ಲ, ಡೇಟಾ ಕಳಿಸುವಾಗ ತಟ್ಟನೆ ಎಳೆಯುತ್ತದೆ. ಮೀಟರ್ ಹಿಡಿದರೆ ಎಲ್ಲ ಸರಿ ಇರುವಂತೆ ಕಂಡು, ಹಾಡು ಮಾತ್ರ ಮುಗ್ಗರಿಸುವುದು ಇದಕ್ಕೇ.

ನನ್ನ ಬಳಿ 65 ವ್ಯಾಟ್ ಚಾರ್ಜರ್ ಇದೆ ಎಂದು ವಾದಿಸಬೇಡಿ. ಆ 65 ವ್ಯಾಟ್ 20 ವೋಲ್ಟ್‌ನಲ್ಲಿ ಸಿಗುವುದು. ಬೋರ್ಡ್‌ಗೆ ಬೇಕಾದದ್ದು 5. ಪೈನವರದೇ ಮೈಕ್ರೋ ಯುಎಸ್‌ಬಿ ಅಡಾಪ್ಟರ್ 5.1 ವೋಲ್ಟ್, 2.5 ಆಂಪಿಯರ್ ಕೊಡುತ್ತದೆ. ದಪ್ಪ ಕೇಬಲ್ ಅದಕ್ಕೆ ಅಂಟಿಕೊಂಡೇ ಬರುತ್ತದೆ. ಅದನ್ನೇ ಹಾಕಿ. ಇನ್ನೊಂದು ಮಾತು ಗಮನವಿಟ್ಟು ಓದಿ. ಪೈ 3, ಪೈ 4ರಲ್ಲಿ ಗೆಟ್ ಥ್ರಾಟಲ್ಡ್ ಕಮಾಂಡ್ ಕೊಟ್ಟರೆ ವೋಲ್ಟೇಜ್ ಕುಸಿದಿತ್ತಾ ಇಲ್ಲವಾ ಎಂದು ಬೋರ್ಡೇ ಹೇಳುತ್ತದೆ. ಝೀರೋ ಬೋರ್ಡ್‌ಗಳಲ್ಲಿ ಅದನ್ನು ಪತ್ತೆ ಮಾಡುವ ಸರ್ಕ್ಯೂಟೇ ಇಲ್ಲ. ಹಾಗಾಗಿ ನಿಮ್ಮ ಬೋರ್ಡ್‌ನಲ್ಲಿ ತೊಂದರೆ ಇಲ್ಲ ಎನ್ನುವ ಸೊನ್ನೆ ಬಂತೆಂದು ಕೇಬಲ್‌ಗೆ ಕ್ಲೀನ್ ಚಿಟ್ ಕೊಡಬೇಡಿ. ಬದಲಿಸಿಯೇ ನೋಡಬೇಕು.

ಕಾರ್ಡ್‌ನಿಂದ ಚೆನ್ನಾಗಿ ಓಡಿತು, ವೈಫೈನಲ್ಲಿ ಮಾತ್ರ ತೊಂದರೆ ಅಂದರೆ ಮೊದಲು ವೈಫೈನ ಪವರ್ ಸೇವ್ ಆಫ್ ಮಾಡಿ. ಅದು ಆನ್ ಇದ್ದರೆ ಚಿಪ್ ನಡುನಡುವೆ ತೂಕಡಿಸುತ್ತದೆ, ರೂಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ಕಳಿಸುವ ಬೀಕನ್ ಎಂಬ ಸಣ್ಣ ಸಂಕೇತಕ್ಕೆ ಕಾದು ಏಳುತ್ತದೆ. ಬೇರೆ ಕಂಪ್ಯೂಟರ್‌ನಿಂದ ಬೋರ್ಡ್‌ಗೆ ಪಿಂಗ್ ಮಾಡಿ, ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಒಮ್ಮೆ 5 ಮಿಲಿಸೆಕೆಂಡ್, ಒಮ್ಮೆ 150 ಅಂತ ಬಂದರೆ ಕಳ್ಳ ಸಿಕ್ಕಂತೆ. ಆಮೇಲೆ ಪೆಟ್ಟಿಗೆ ನೋಡಿ. ಚೆಂದ ಕಾಣಲಿ ಎಂದು ಲೋಹದ ಪೆಟ್ಟಿಗೆಯಲ್ಲಿ ಕೂರಿಸಿದ್ದೀರಾ? ಆಂಟೆನಾ ಬೋರ್ಡ್ ಮೇಲೆಯೇ ಇದೆ, ಆ ಸಣ್ಣ ತ್ರಿಕೋನದಂಥ ಗುರುತು. ಲೋಹ ಮುಚ್ಚಿದರೆ ಅದರ ಬಾಯಿ ಕಟ್ಟಿದಂತೆ. ನಿಮ್ಮ ಬೋರ್ಡ್‌ಗೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ಬ್ಯಾಂಡ್ ಗೊತ್ತಿಲ್ಲ. ಬ್ಲೂಟೂತ್, ಮೈಕ್ರೋವೇವ್ ಓವನ್, ಪಕ್ಕದ ಮನೆಯವರ ರೂಟರ್ ಎಲ್ಲ ಅಲ್ಲೇ. ರೂಟರ್‌ನಲ್ಲಿ 1, 6, 11 ಈ ಮೂರರಲ್ಲಿ ಖಾಲಿ ಇರುವ ಚಾನೆಲ್ ಹಿಡಿಯಿರಿ. ಮೂರು, ನಾಲ್ಕು ಅಂತ ನಡುವಿನದು ಹಾಕಿದರೆ ಎರಡೂ ಕಡೆಯ ಗದ್ದಲ ನಿಮಗೇ.

ಆದರೆ ನನ್ನನ್ನು ಕೇಳಿದರೆ, ಹಾಡು ಗಾಳಿಯಲ್ಲಿ ಬರುವ ಅಗತ್ಯವೇ ಇಲ್ಲ. ನಿಮ್ಮ ಹಾಡಿಟ್ಟ ಕಂಪ್ಯೂಟರ್ ಕೂಡ ವೈಫೈನಲ್ಲಿದ್ದರೆ ಪ್ರತಿ ಹಾಡೂ ಎರಡು ಸಲ ಗಾಳಿ ದಾಟುತ್ತದೆ, ಒಮ್ಮೆ ರೂಟರ್‌ಗೆ, ಒಮ್ಮೆ ಬೋರ್ಡ್‌ಗೆ. ಒಂದು ಪೆನ್‌ಡ್ರೈವ್ ಬೋರ್ಡ್‌ಗೇ ಚುಚ್ಚಿ (ಝೀರೋದ ಪೋರ್ಟ್ ಮೈಕ್ರೋ ಯುಎಸ್‌ಬಿ, ಹಾಗಾಗಿ ಒಟಿಜಿ ಅಡಾಪ್ಟರ್ ಬೇಕು), ಹಾಡೆಲ್ಲ ಅದರಲ್ಲಿಡಿ. ಆಗ ವೈಫೈ ಮೇಲೆ ಹೋಗುವುದು ಫೋನಿನಿಂದ ನೀವು ಕೊಡುವ ನುಡಿಸು, ನಿಲ್ಲಿಸು ಎಂಬ ಚೂರುಪಾರು ಮಾತು ಮಾತ್ರ. ವೈಫೈ ಪೂರ್ತಿ ಬಿದ್ದುಹೋದರೂ ಹಾಡು ನಡೆಯುತ್ತಲೇ ಇರುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಮಾತ್ರ ನೇರ ಚುಚ್ಚಬೇಡಿ, ಅದಕ್ಕೆ ಸ್ವಂತ ಕರೆಂಟ್ ಇರುವ ಹಬ್ ಬೇಕು. ಪೈ 4 ಇದ್ದವರು ಡ್ರೈವನ್ನು ನೀಲಿ ಪೋರ್ಟ್ ಬಿಟ್ಟು ಕಪ್ಪಿಗೆ ಹಾಕಿ. ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದು ತೋರಿಸಿದೆ. ಹಾಡಿಗೆ ಯುಎಸ್‌ಬಿ 2 ಧಾರಾಳ ಸಾಕು.

ಪ್ರಶ್ನೆ: ಸಂಗೀತಕ್ಕೆಂದೇ ಮಾಡಿದ ಮೆಮೊರಿ ಕಾರ್ಡ್, ನೆಟ್‌ವರ್ಕ್ ಕೇಬಲ್ ಹಾಕಿದರೆ ಧ್ವನಿ ಸುಧಾರಿಸುತ್ತಾ?

ಇಲ್ಲ. ಎರಡು ಕಾರ್ಡ್‌ನಲ್ಲೂ ಫೈಲ್‌ನ ಚೆಕ್‌ಸಮ್, ಅಂದರೆ ಒಳಗಿನ ಡೇಟಾದಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ, ಒಂದೇ ಬಂದರೆ ಹಾಡೂ ಒಂದೇ. ಬೇರೆ ಹೇಳಿ ಮಾರುವವರು ಮೋಸ ಮಾಡುತ್ತಿದ್ದಾರೆ.

ಪ್ರಶ್ನೆ: ಪೈ 3ರ ಹೆಡ್‌ಫೋನ್ ಜ್ಯಾಕ್‌ನಲ್ಲಿ ಸಣ್ಣಗೆ ಸುಯ್ ಎನ್ನುವ ಸದ್ದು ಬರುತ್ತದೆ. ಏನು ಮಾಡಲಿ?

ಅದರಲ್ಲಿ ಡಿಜಿಟಲ್ ಹಾಡನ್ನು ಸದ್ದಿನ ಸಿಗ್ನಲ್ ಆಗಿ ಬದಲಿಸುವ ನಿಜವಾದ ಡ್ಯಾಕ್ ಚಿಪ್ ಇಲ್ಲ, ಹಾಗಾಗಿ ಸದ್ದು ಹೋಗುವುದಿಲ್ಲ. ಪಿಸಿಎಂ5102ಎ ಚಿಪ್ ಇರುವ ಸಣ್ಣ ಡ್ಯಾಕ್ ಬೋರ್ಡ್ ಅಥವಾ ಯುಎಸ್‌ಬಿ ಡ್ಯಾಕ್ ಹಾಕಿ. ಝೀರೋ ಮತ್ತು ಪೈ 5ರಲ್ಲಿ ಜ್ಯಾಕೇ ಇಲ್ಲ, ತಗೊಳ್ಳುವ ಮೊದಲೇ ನೆನಪಿಡಿ.

ಪ್ರಶ್ನೆ: 24 ಬಿಟ್, 192 ಕಿಲೋಹರ್ಟ್ಸ್ ಫೈಲ್‌ಗಳೇ ಬೇಕಾ?

ಬೇಡ. ಸಿಡಿಯ 44.1 ಕಿಲೋಹರ್ಟ್ಸ್ 22 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ, ಮನುಷ್ಯರ ಕಿವಿ 20ಕ್ಕೇ ಮುಗಿಯುತ್ತದೆ.

ಪ್ರಶ್ನೆ: ಹೊರಗಿನಿಂದಲೂ ಕೇಳಲು ರೂಟರ್‌ನಲ್ಲಿ ಎಂಪಿಡಿಯ 6600 ಪೋರ್ಟ್ ತೆರೆಯಬಹುದಾ?

ದಯವಿಟ್ಟು ಬೇಡ. ನೀವಾಗಿ ಹಾಕದ ಹೊರತು ಎಂಪಿಡಿಗೆ ಪಾಸ್‌ವರ್ಡ್ ಇರುವುದಿಲ್ಲ. ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ, ಅದರೊಳಗಿಂದ ಬನ್ನಿ.

ಪ್ರಶ್ನೆ: ರಾತ್ರಿ ಸ್ವಿಚ್ ಆರಿಸಿ ಮಲಗುತ್ತೇನೆ. ಇಷ್ಟು ದಿನ ಏನೂ ಆಗಿಲ್ಲ. ಮುಂದುವರಿಸಲಾ?

ನಾನೂ ಹೀಗೇ ಅಂದುಕೊಂಡಿದ್ದೆ. ಒಂದು ದಿನ ಲೈಬ್ರರಿ ಅಪ್‌ಡೇಟ್ ಆಗುತ್ತಿದ್ದಾಗಲೇ ಸ್ವಿಚ್ ಆರಿಸಿದೆ. ಮರುದಿನ ಬೋರ್ಡ್ ಏಳಲೇ ಇಲ್ಲ. ಹಾಡುಗಳಿಗೆ ಬೇರೆ ಪ್ರತಿ ಇತ್ತು. ಆರು ವರ್ಷ ಕೂತು ಜೋಡಿಸಿದ ಪ್ಲೇಲಿಸ್ಟ್‌ಗಳಿಗೆ ಇರಲಿಲ್ಲ, ಅವು ಹೋದವು. ಕಾರ್ಡ್‌ಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲ್ ಸಿಸ್ಟಮ್ಮೇ ಕೆಡಬಹುದು. ಹಾಡು ಮುಗಿದ ಮೇಲೆ ಶಟ್‌ಡೌನ್ ಕೊಡಿ, ಹಸಿರು ದೀಪ ಮಿನುಗುವುದು ನಿಲ್ಲುವವರೆಗೆ ಕಾಯಿರಿ, ಆಮೇಲೆ ಸ್ವಿಚ್. ಮನೆಯಲ್ಲಿ ಯಾರಾದರೂ ಆರಿಸಿಯೇ ಆರಿಸುತ್ತಾರೆ ಅನ್ನುವುದಾದರೆ ಪೈಕೋರ್‌ಪ್ಲೇಯರ್ ಎಂಬ ಸಿಸ್ಟಮ್ ಹಾಕಿಕೊಳ್ಳಿ. ಅದು ಪೂರ್ತಿ ರ‍್ಯಾಮ್‌ನಲ್ಲಿ ಓಡುತ್ತದೆ, ಕಾರ್ಡ್ ಮುಟ್ಟುವುದೇ ಅಪರೂಪ. ಏನೇ ಹಾಕಿದರೂ ಪ್ಲೇಲಿಸ್ಟ್ ಫೋಲ್ಡರ್ ಇವತ್ತೇ ಬೇರೆ ಕಡೆ ಕಾಪಿ ಮಾಡಿಡಿ.