ಹೇಗೂ ಹೋಗ್ತೀವಲ್ಲ

ವೀಸಾಗೆ ಕಾಯುತ್ತಿರುವವರು ನನ್ನ ಬಳಿ ಸಮಾಲೋಚನೆಗೆ ಬರುವಾಗ ವೀಸಾ ವಿಷಯ ಅಂತ ಬರುವುದಿಲ್ಲ. ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತೆ, ಮಾತು ಮಾತಿಗೂ ಜಗಳ ಅಂತ ಬರುತ್ತಾರೆ. ಕೆದಕಿದರೆ ಅಡಿಯಲ್ಲಿ ವೀಸಾ ಇರುತ್ತದೆ. ಇಂಥವರು ಈಚೆಗೆ ಜಾಸ್ತಿ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಬೆಂಗಳೂರಿನ ದಂಪತಿ. ಗಂಡ ಸಾಫ್ಟ್‌ವೇರ್ ಎಂಜಿನಿಯರ್, ಹೆಂಡತಿ ಕಾಲೇಜು ಉಪನ್ಯಾಸಕಿ. ಆಸ್ಟ್ರೇಲಿಯಾದ 189 ವೀಸಾಗೆ (ನುರಿತ ಕೆಲಸಗಾರರು ಅಲ್ಲೇ ಕಾಯಂ ಆಗಿ ನೆಲೆಸಲು ಕೊಡುವ ವೀಸಾ) ಅರ್ಜಿ ಹಾಕಬಹುದು ಅನ್ನುವ ಇನ್ವಿಟೇಶನ್ ಅಲ್ಲಿನ ಸರ್ಕಾರದಿಂದ ಬಂದು, 60 ದಿನದ ಗಡುವಿನೊಳಗೆ ಅರ್ಜಿ ಹಾಕಿ ಫೀಸು ಕಟ್ಟಿದ್ದರು. ಮೆಡಿಕಲ್, ಅಂದರೆ ವೈದ್ಯಕೀಯ ತಪಾಸಣೆ ಆಗಿತ್ತು, ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೊಟ್ಟಾಗಿತ್ತು. ಆಮೇಲೆ ಸುದ್ದಿಯೇ ಇಲ್ಲ. ಗಂಡ ದಿನಾ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಅರ್ಜಿ ಎಲ್ಲಿಗೆ ಬಂತು ಅಂತ ತೋರಿಸುವ ಇಮ್ಮಿಅಕೌಂಟ್ ಅನ್ನೋ ಆನ್‌ಲೈನ್ ಖಾತೆ ತೆರೆಯುತ್ತಿದ್ದರು. ಆ ಹೊತ್ತಿಗೆ ಕ್ಯಾನ್‌ಬೆರಾದಲ್ಲಿ ಆಫೀಸು ಶುರುವಾಗುತ್ತೆ ಅನ್ನೋ ಲೆಕ್ಕ.

ಮೂರನೇ ಭೇಟಿಯಲ್ಲಿ ಗಂಡ ಸ್ವಲ್ಪ ಖುಷಿಯಾಗಿದ್ದರು. ಈಚೆಗಷ್ಟೇ 33 ತುಂಬಿತ್ತು. ಈ ವೀಸಾಗೆ ಆಯ್ಕೆ ಪಾಯಿಂಟ್ ಲೆಕ್ಕದಲ್ಲಿ, ವಯಸ್ಸಿಗೂ ಪಾಯಿಂಟ್ ಇದೆ: 25ರಿಂದ 32 ವಯಸ್ಸಿನವರಿಗೆ 30 ಪಾಯಿಂಟ್, 33 ಆದರೆ 25. ‘ಆದ್ರೆ ನನಗೇನೂ ತೊಂದರೆ ಇಲ್ಲ ಮೇಡಂ, ಇನ್ವಿಟೇಶನ್ ಬಂದ ದಿನದ ವಯಸ್ಸೇ ಲೆಕ್ಕ. ನನ್ನ ವಯಸ್ಸು ಅಲ್ಲಿಗೇ ಲಾಕ್’ ಅಂದರು.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಅಲ್ಲಿವರೆಗೆ ಬಾಯಿ ಬಿಟ್ಟಿರಲಿಲ್ಲ. ‘ಇವರ ವಯಸ್ಸು ಲಾಕ್ ಆಯ್ತು. ನನಗೆ ಈಗ ಮೂವತ್ನಾಲ್ಕು. ನನ್ನ ವಯಸ್ಸು ಯಾರು ಲಾಕ್ ಮಾಡಿದ್ದಾರೆ ಮೇಡಂ?’ ಅಂದರು.

ಆಮೇಲೆ ಒಂದೊಂದಾಗಿ ಹೊರಬಂತು. ವಾಷಿಂಗ್ ಮೆಷಿನ್ ಕೆಟ್ಟು ಎಷ್ಟೋ ಕಾಲವಾಗಿದೆ, ಬೆಡ್‌ಶೀಟನ್ನೂ ಕೈಯಲ್ಲೇ ಒಗೆಯುತ್ತಿದ್ದಾರೆ. ಹೊಸದು ತರೋಣ ಅಂದರೆ ‘ಹೇಗೂ ಹೋಗ್ತೀವಲ್ಲ’. ಪಿಎಚ್‌ಡಿಗೆ ಹೆಸರು ನೋಂದಾಯಿಸಲಾ ಅಂದರೂ ಅದೇ ಉತ್ತರ. ಮಗುವಿನ ವಿಷಯಕ್ಕೂ ಅದೇ.

ಗಂಡನಿಗೂ ಅವರದೇ ಕಾರಣವಿತ್ತು. ಮೆಡಿಕಲ್ ವರದಿ ಸಾಮಾನ್ಯವಾಗಿ 12 ತಿಂಗಳು ಚಾಲ್ತಿಯಲ್ಲಿರುತ್ತದೆ. ಅವಧಿ ಮುಗಿದರೆ ಮತ್ತೆ ಕೇಳಬಹುದು. ಆಗ ಗರ್ಭಿಣಿಯಾಗಿದ್ದರೆ ಎದೆಯ ಎಕ್ಸ್‌ರೇ ತೆಗೆಸೋದು ಹೇಗೆ, ಫೈಲೇ ನಿಂತುಹೋಗುತ್ತೆ ಅನ್ನೋ ಭಯ. ಇದು ಅರ್ಧ ನಿಜ. ಎಕ್ಸ್‌ರೇಯನ್ನು ಹೆರಿಗೆಯ ನಂತರಕ್ಕೆ ಮುಂದೂಡಬಹುದು, ಅಷ್ಟು ಕಾಲ ತೀರ್ಮಾನವೂ ಮುಂದೆ ಹೋಗಬಹುದು. ತೀರ್ಮಾನಕ್ಕೆ ಮೊದಲೇ ಹುಟ್ಟಿದ ಮಗುವನ್ನು ಅದೇ ಅರ್ಜಿಗೆ ಸೇರಿಸಬಹುದು. ಅಂದರೆ ತಡವಾಗುತ್ತೆ, ಬಾಗಿಲೇನೂ ಮುಚ್ಚಲ್ಲ. ಆದರೂ ನಾನು ಏಜೆಂಟ್ ಅಲ್ಲ. ನೋಂದಾಯಿತ ಮೈಗ್ರೇಶನ್ ಏಜೆಂಟ್ ಹತ್ತಿರ ಇಬ್ಬರೂ ಹೋಗಿ ಕೇಳಿ ಬನ್ನಿ ಅಂತ ಕಳಿಸಿದೆ. ಗಂಡ ಒಬ್ಬರೇ ಹೋಗಬಾರದು ಅಂತ ಒತ್ತಿ ಹೇಳಿದೆ. ಇಷ್ಟು ದಿನ ಆ ಮನೆಯಲ್ಲಿ ವೀಸಾ ನಿಯಮ ಗೊತ್ತಿದ್ದದ್ದು ಒಬ್ಬರಿಗೇ. ಗೊತ್ತಿದ್ದವರ ಮಾತೇ ನಡೆಯುತ್ತಿತ್ತು.

ನಾನು ಕೊಟ್ಟ ಸಲಹೆ ಇಷ್ಟು. ವೀಸಾ ಬರದೇ ಇದ್ದರೆ ಈ ವರ್ಷ ಏನೇನು ಮಾಡುತ್ತಿದ್ದಿರಿ ಅಂತ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಅದರಲ್ಲಿ ಅರ್ಜಿಗೆ ನಿಜವಾಗಿ ಅಡ್ಡಿ ಬರೋದು ಯಾವುದು, ಸುಮ್ನೆ ನಿಲ್ಲಿಸಿರೋದು ಯಾವುದು ನೋಡಿ. ಸುಮ್ನೆ ನಿಲ್ಲಿಸಿದ್ದನ್ನು ಶುರು ಮಾಡಿ. ಕೆಲಸ ಬಿಡೋದು, ಮನೆ ಮಾರೋದು ಮಾತ್ರ ವೀಸಾ ಮಂಜೂರಾದ ಗ್ರಾಂಟ್ ಪತ್ರ ಕೈಗೆ ಬರುವವರೆಗೆ ಬೇಡ. ಇಮ್ಮಿಅಕೌಂಟ್ ಭಾನುವಾರ ಒಂದು ಸಲ ಸಾಕು. ಏನಾದರೂ ಇದ್ದರೆ ಅವರೇ ಮೇಲ್ ಮಾಡುತ್ತಾರೆ.

ಇದಕ್ಕೆ ಗಂಡನ ತಂದೆ ಫೋನ್ ಮಾಡಿ ಬೇಜಾರು ಹೇಳಿಕೊಂಡರು. ‘ಬರೋ ಹೊತ್ತಿಗೆ ಬರದೇ ಇದ್ದರೆ ಅಂತ ಯಾಕಮ್ಮ ಬಾಯಲ್ಲಿ ಬರಿಸ್ತೀರಿ?’ ಅಂತ. ಮಗು ಮಾಡಿಕೊಳ್ಳಿ ಅಂತ ನಾನು ಹೇಳಿದ್ದೇನೆ ಅಂತಲೂ ಅವರಿಗೆ ಸುದ್ದಿ ಮುಟ್ಟಿತ್ತು. ನಾನು ಹಾಗೆ ಹೇಳಿಲ್ಲ, ಹೇಳುವ ಹಕ್ಕೂ ನನಗಿಲ್ಲ. ಬೇಕೋ ಬೇಡವೋ ಅಂತ ಆ ಇಬ್ಬರು ಕೂತು ಮಾತಾಡಲಿ, ಯಾವುದೋ ಕಚೇರಿಯ ಅಧಿಕಾರಿ ತೀರ್ಮಾನಿಸೋದು ಬೇಡ ಅಂದೆ ಅಷ್ಟೆ. ಈಗಲೂ ಅದನ್ನೇ ಹೇಳುತ್ತೇನೆ. ಸಂಸಾರದಲ್ಲಿ ಒಬ್ಬರ ಕನಸಿಗೆ ಇನ್ನೊಬ್ಬರ ವರ್ಷಗಳು ಹೋಗುತ್ತಿದ್ದರೆ, ಕೇಳಿಯಾದರೂ ತೆಗೆದುಕೊಳ್ಳಬೇಕು ಅಲ್ವಾ?

ವೀಸಾ ಇನ್ನೂ ಬಂದಿಲ್ಲ. ವಾಷಿಂಗ್ ಮೆಷಿನ್ ಬಂದಿದೆ, ಪಿಎಚ್‌ಡಿ ಅರ್ಜಿ ಹೋಗಿದೆ. ಮಗುವಿನ ವಿಷಯದಲ್ಲಿ ಒಮ್ಮತ ಆಗಿಲ್ಲ, ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಗಂಡ ಭಾನುವಾರ ಮಾತ್ರ ನೋಡುತ್ತೇನೆ ಅನ್ನುತ್ತಾರೆ. ಆಫೀಸಿನಲ್ಲಿ ಕದ್ದು ನೋಡ್ತಾರೆ ಅಂತ ಹೆಂಡತಿಗೆ ಅನುಮಾನ. ನನಗೂ.