ಅಜ್ನಾವೂರ್ ಹೆಸರು ಮಾಡಲು ಅಷ್ಟು ತಡವೇಕಾಯಿತು?

ಪ್ರಶ್ನೆ: ಇಲ್ಲಿನ ಅಲಯನ್ಸ್ ಫ್ರಾಂಸೇಸ್‌ನಲ್ಲಿ ಫ್ರೆಂಚ್ ಕಲಿಯುತ್ತಿರುವ ನನ್ನ ಮಗಳು ಶಾರ್ಲ್ ಅಜ್ನಾವೂರರ ಹಾಡುಗಳನ್ನು ಸದಾ ಕೇಳುತ್ತಿರುತ್ತಾಳೆ. ಮೂವತ್ತು ದಾಟುವವರೆಗೂ ಅವರಿಗೆ ಗಾಯಕರೆಂಬ ಮನ್ನಣೆ ಸಿಕ್ಕಿರಲಿಲ್ಲವಂತೆ, ನಿಜವೇ?
– ಓದುಗರೊಬ್ಬರು, ಮಾಟುಂಗ, ಮುಂಬಯಿ

ಉತ್ತರ: ಬಹುಮಟ್ಟಿಗೆ ನಿಜ. ವಲಸೆ ಬಂದ ಅರ್ಮೇನಿಯನ್ ದಂಪತಿಗಳ ಮಗನಾಗಿ 1924ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ರಂಗಮಂಚ ಏರಿದರು. ಮುಂದೆ ಪಿಯರ್ ರೋಶ್ ಜೊತೆ ಜೋಡಿಯಾಗಿ ಹಾಡುತ್ತಿದ್ದಾಗ, ಆಗಲೇ ಪ್ರಸಿದ್ಧರಾಗಿದ್ದ ಗಾಯಕಿ ಎದಿತ್ ಪಿಯಾಫ್ ಅಜ್ನಾವೂರರ ಪ್ರತಿಭೆಯನ್ನು ಗುರುತಿಸಿ, ತಮ್ಮ ಪ್ರವಾಸಗಳಿಗೆ ಕರೆದೊಯ್ದುದಲ್ಲದೆ, ಅವರು ಬರೆದ ಹಾಡುಗಳನ್ನು ತಾವೂ ಹಾಡಿದರು. ಆದರೆ ಕುಳ್ಳಗಿನ ಆಳು, ಮಂಜು ಕವಿದಂಥ ದನಿ ಎಂದು ವಿಮರ್ಶಕರು ಬಹುಕಾಲ ಗೇಲಿ ಮಾಡುತ್ತಿದ್ದುದರಿಂದ, ಹಾಡು ಕಟ್ಟುವವರೆಂಬ ಮನ್ನಣೆ ಮೊದಲು ಬಂದು, ಹಾಡುವವರೆಂಬ ಮನ್ನಣೆ ಹಿಂದುಳಿಯಿತು. 1950ರ ದಶಕದ ನಡುವಿನಲ್ಲಿ ಪರಿಸ್ಥಿತಿ ಸುಧಾರಿಸಿತಾದರೂ, ನಿಜವಾದ ತಿರುವು ಬಂದದ್ದು 1960ರ ಕೊನೆಯಲ್ಲಿ, ಪ್ಯಾರಿಸ್ಸಿನ ಅಲ್ಹಾಂಬ್ರಾ ರಂಗಮಂದಿರದಲ್ಲಿ. ಕೀರ್ತಿಯ ಕನಸು ಕಂಡು ಸೋತ ಕಲಾವಿದನೊಬ್ಬನ ಹಾಡನ್ನು ಸಭಿಕರಿಗೆ ಬೆನ್ನು ತಿರುಗಿಸಿ ಹಾಡಿದ ಆ ಧೈರ್ಯ ನನಗಂತೂ ಅವರ ದನಿಗಿಂತ ದೊಡ್ಡದೆನಿಸುತ್ತದೆ. ಅದೇ ವರ್ಷ ನಿರ್ದೇಶಕ ತ್ರುಫೊ ಅವರ ಚಲನಚಿತ್ರವೊಂದರಲ್ಲಿ ನಾಯಕನಾಗಿಯೂ ನಟಿಸಿದರು. 1974ರಲ್ಲಿ ಅವರ ಇಂಗ್ಲಿಷ್ ಹಾಡೊಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2018ರ ಅಕ್ಟೋಬರ್ 1ರಂದು, 94ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಕೆಲವೇ ದಿನಗಳ ಮೊದಲು ಅವರು ಜಪಾನಿನಲ್ಲಿ ಕಛೇರಿ ನೀಡಿದ್ದರು.