ಓದುಗರ ಪ್ರಶ್ನೆ: ಹಾಡು ಕೇಳುತ್ತಾ ಓದಬಹುದೇ?

ಪ್ರಶ್ನೆ: ಮಗಳು ಇಯರ್‌ಫೋನ್ ಹಾಕಿಕೊಂಡೇ ಪರೀಕ್ಷೆಗೆ ಓದುತ್ತಾಳೆ. ‘ಹಾಡಿಲ್ಲದಿದ್ದರೆ ತಲೆಗೇ ಹತ್ತಲ್ಲ’ ಅನ್ನುತ್ತಾಳೆ. ಸುಮ್ಮನೆ ಬಿಡಬಹುದೇ?

ಉತ್ತರ: ಏನು ಓದುತ್ತಿದ್ದಾಳೆ ಎಂಬುದನ್ನು ಮೊದಲು ನೋಡಿ. ಗೊತ್ತಿರುವ ಲೆಕ್ಕಗಳ ಅಭ್ಯಾಸ, ಚಿತ್ರಕ್ಕೆ ಬಣ್ಣ, ನೋಟ್ಸ್ ನಕಲು ಮಾಡುವಾಗ ಹಾಡಿದ್ದರೆ ಅಷ್ಟೇನೂ ನಷ್ಟವಿಲ್ಲ, ಬೇಸರವೂ ಕಳೆಯುತ್ತದೆ. ಹೊಸ ಪಾಠ, ಇಸವಿ, ಬಾಯಿಪಾಠ ಎಂದರೆ ಹಾಗಲ್ಲ. ಆಗ ಮನಸ್ಸು ಪದಗಳನ್ನು ಒಳಗೊಳಗೇ ಉಚ್ಚರಿಸಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಹಾಡಿನ ಸಾಲು ಅದೇ ಜಾಗಕ್ಕೆ ಬಂದು ಕೂರುತ್ತದೆ. ವಾಲ್ಯೂಮ್ ತಗ್ಗಿಸಿದರೆ ಸಾಕು ಅಂದುಕೊಳ್ಳಬೇಡಿ. ಮೆಲುದನಿಯ ಮಾತೂ ಜೋರು ಮಾತಿನಷ್ಟೇ ನೆನಪನ್ನು ಕದಡಬಲ್ಲದು. ಅರ್ಥವಾಗದ ಭಾಷೆಯ ಹಾಡಿನಿಂದಲೂ ಪೂರ್ತಿ ಪಾರಾಗುವುದಿಲ್ಲ.

ವಾದ ಬೇಡ, ಅವಳೇ ಪರೀಕ್ಷಿಸಿ ನೋಡಲಿ. ತಲಾ 12 ಹೊಸ ಪದಗಳ ಎರಡು ಪಟ್ಟಿ ಮಾಡಿ. ಒಂದನ್ನು ಹಾಡು ಹಾಕಿ 3 ನಿಮಿಷ, ಇನ್ನೊಂದನ್ನು ನಿಶ್ಶಬ್ದದಲ್ಲಿ 3 ನಿಮಿಷ ಓದಬೇಕು. ಪ್ರತಿ ಸಲವೂ 10 ನಿಮಿಷ ಬಿಟ್ಟು, ನೋಡದೆ ಬರೆಯಬೇಕು. ಮರುದಿನ ಹೊಸ ಪಟ್ಟಿ, ಕ್ರಮ ತಿರುಗುಮುರುಗು. ನಾಲ್ಕು ದಿನದ ಅಂಕ ಕೂಡಿಸಿ ನೋಡಲಿ. ಹಾಡು ಹಿತವೆನಿಸುವುದು ಬೇರೆ, ಪಾಠ ನೆನಪುಳಿಯುವುದು ಬೇರೆ. ಓದಲು ಕೂರುವ ಮೊದಲು ಎರಡು ಹಾಡು ಕೇಳಿ ಎದ್ದರೆ ಹುರುಪೂ ಬರುತ್ತದೆ, ಓದೂ ಕೆಡುವುದಿಲ್ಲ.

ಪ್ರಶ್ನೆ: ಆರು ತಿಂಗಳ ಮಗುವಿಗೆ ಮೊಜಾರ್ಟ್ ಸಂಗೀತ ಕೇಳಿಸಿದರೆ ಬುದ್ಧಿ ಚುರುಕಾಗುತ್ತದಂತೆ, ನಿಜವೇ?

ಉತ್ತರ: ಇಲ್ಲ. ಈ ಮಾತಿನ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ವರದಿ. ಅಲ್ಲಿ ಸಂಗೀತ ಕೇಳಿದವರು ಶಿಶುಗಳಲ್ಲ, ಕಾಲೇಜು ವಿದ್ಯಾರ್ಥಿಗಳು. 10 ನಿಮಿಷ ಕೇಳಿದ ಮೇಲೆ ಆಕಾರಗಳನ್ನು ಊಹಿಸುವಂಥ ಪರೀಕ್ಷೆಯಲ್ಲಿ ತುಸು ಹೆಚ್ಚು ಅಂಕ ಬಂತು, ಆ ಲಾಭ ಕಾಲು ಗಂಟೆಯೊಳಗೆ ಕರಗಿಹೋಯಿತು. ಉಳಿದದ್ದೆಲ್ಲ ಸಿಡಿ ಮಾರಿದವರ ಜಾಣತನ. ನೀವೇ ಹಾಡಿ, ಶ್ರುತಿ ತಪ್ಪಿದರೂ ಮಗು ದೂರುವುದಿಲ್ಲ.

ಪ್ರಶ್ನೆ: ಓದುವ ಕೋಣೆಯ ಗೋಡೆಗೆಲ್ಲ ಫೋಮ್ ಹಾಳೆ ಅಂಟಿಸಿದೆವು. ಆದರೂ ಹಾಲ್‌ನ ಟಿವಿ ಮಾತು ಸ್ಪಷ್ಟವಾಗಿ ಕೇಳುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ಫೋಮ್ ತನ್ನ ಕೆಲಸ ಮಾಡಿದೆ, ಆದರೆ ನಿಮಗೆ ಬೇಕಿದ್ದ ಕೆಲಸ ಅದಲ್ಲ. ಅದು ಕೋಣೆಯೊಳಗಿನ ಮಾರ್ದನಿಯನ್ನು ಹೀರುತ್ತದೆ. ಹೊರಗಿನ ಸದ್ದು ತಡೆಯಲು ಬೇಕಾದದ್ದು ತೂಕ, ಅದಕ್ಕಿಂತ ಮೊದಲು ಸಂದುಗಳನ್ನು ಮುಚ್ಚುವುದು. ಪರದೆಯೂ ಅಷ್ಟೇ, ಗಾಳಿ ದಾಟುವಲ್ಲಿ ಮಾತೂ ದಾಟುತ್ತದೆ.

ರಾತ್ರಿ ಕೋಣೆ ಕತ್ತಲು ಮಾಡಿ ಬಾಗಿಲು ಮುಚ್ಚಿ, ಆಚೆಯಿಂದ ಒಬ್ಬರು ಚೌಕಟ್ಟಿನ ಸುತ್ತ ಟಾರ್ಚ್ ಹಾಯಿಸಲಿ. ಬೆಳಕು ಇಣುಕಿದ ಕಡೆಯೆಲ್ಲ ಗುರುತು ಹಾಕಿ. ಬಾಗಿಲ ವಿಸ್ತೀರ್ಣದ ಶೇ. 1ರಷ್ಟು ತೆರೆದಿದ್ದರೂ, ಹಲಗೆ ಎಷ್ಟೇ ದಪ್ಪವಿರಲಿ, ತಡೆ 20 ಡೆಸಿಬಲ್ ದಾಟುವುದಿಲ್ಲ. 210 ಸೆಂ.ಮೀ. ಎತ್ತರದ ಬಾಗಿಲಿಗೆ ಆ ಶೇ. 1 ಎಂದರೆ ಕೆಳಗಿನ 2 ಸೆಂ.ಮೀ. ಸಂದು, ಅಷ್ಟೇ. ಚೌಕಟ್ಟಿನ ಮೂರೂ ಬದಿಗೆ ರಬ್ಬರ್ ಪಟ್ಟಿ ಅಂಟಿಸಿ, ಕೆಳಗೆ ನೆಲ ತಾಗುವಂಥ ಪಟ್ಟಿ ಜೋಡಿಸಿ. ಪಟ್ಟಿ ತೀರಾ ದಪ್ಪವಾದರೆ ಚಿಲಕ ಕೂರುವುದಿಲ್ಲ, ಒತ್ತಿ ಹಾಕಿದ ಬಾಗಿಲು ತಿಂಗಳೊಳಗೆ ವಾಲುತ್ತದೆ. ಸಂದು ಅಳೆದೇ ಕೊಳ್ಳಿ.

ಟಿವಿಯನ್ನು ಎರಡೂ ಕೋಣೆಗೆ ಸೇರಿದ ಗೋಡೆಗೇ ತಿರುಪಿನಿಂದ ಬಿಗಿದಿದ್ದರೆ ಗೋಡೆಯೇ ಅದುರುತ್ತದೆ. ಬೇರೆ ಗೋಡೆಗೆ ಬದಲಿಸಿ, ಇಲ್ಲವೇ ರಬ್ಬರ್ ಪಾದದ ಸ್ಟ್ಯಾಂಡ್ ಮೇಲಿಡಿ. ಇಷ್ಟಾದ ಮೇಲೂ ಉಳಿಯುವ ಗುಸುಗುಸು ಫ್ಯಾನಿನ ಏಕತಾನದ ಸದ್ದಿನಲ್ಲಿ ಮುಳುಗಿಹೋಗುತ್ತದೆ.

ಪ್ರಶ್ನೆ: ಮಗು ಮಲಗಲು ಮಳೆಯ ಸದ್ದಿನ ಯಂತ್ರ ಹಾಕುತ್ತೇವೆ. ಕಿವಿಗೆ ತೊಂದರೆಯೇ?

ಉತ್ತರ: ತೊಟ್ಟಿಲಿಗೇ ಕಟ್ಟಿದ್ದರೆ ಬಿಚ್ಚಿ, 2 ಮೀಟರ್ ದೂರವಿಡಿ. ಕೆಲವು ಯಂತ್ರಗಳು ಪೂರ್ತಿ ವಾಲ್ಯೂಮ್‌ನಲ್ಲಿ, 30 ಸೆಂ.ಮೀ. ದೂರಕ್ಕೆ, 85 ಡೆಸಿಬಲ್ ಮೀರುತ್ತವೆ. ಮಗುವಿನ ತಲೆಯ ಬಳಿ ಫೋನ್ ಇಟ್ಟು ಸದ್ದಳೆಯುವ ಆ್ಯಪ್‌ನಲ್ಲಿ ನೋಡಿ (ಅದು ಕರಾರುವಾಕ್ಕಲ್ಲ, ಅಂದಾಜಿಗೆ ಸಾಕು), 50 ದಾಟದಿರಲಿ. ನಿದ್ದೆ ಹತ್ತಿದ ಮೇಲೆ ಆರಿಸಿ. ಟೈಮರ್ ಇದ್ದರೆ 30 ನಿಮಿಷಕ್ಕೆ ಇಡಿ.